ಲಿಂಕನ್ನರ ಸಾಲ, ಮುಂಬಯಿಯ ಲಾಭ



ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನದತ್ತ ನಡೆದರೆ ರಾಜಾಬಾಯಿ ಗೋಪುರ ಎದುರಾಗುತ್ತದೆ. ಜೈನ ವ್ಯಾಪಾರಿ ಪ್ರೇಮಚಂದ ರಾಯಚಂದರು ಹತ್ತಿಯ ಭರಾಟೆಯ ದಿನಗಳಲ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣದಿಂದ ಎದ್ದ ಈ ಗೋಪುರ 1878ರಲ್ಲಿ ಪೂರ್ಣಗೊಂಡಿತು. ಅವರ ತಾಯಿಯ ಹೆಸರನ್ನು ಹೊತ್ತಿತು. ಆ ಭರಾಟೆಯ ಮೂಲವನ್ನು ಅರಸಿದರೆ ಅಮೆರಿಕದ 16ನೆಯ ಅಧ್ಯಕ್ಷ ಅಬ್ರಹಾಂ ಲಿಂಕನ್ನರ ಚರಿತ್ರೆಗೆ ಹೋಗಬೇಕಾಗುತ್ತದೆ.

ಲಿಂಕನ್ನರು 1809ರಲ್ಲಿ ಕೆಂಟಕಿಯ ಮರದ ದಿಮ್ಮಿಯ ಗುಡಿಸಲೊಂದರಲ್ಲಿ ಜನಿಸಿದರು. ಶಾಲೆಯಲ್ಲಿ ಕಲಿತದ್ದು ಒಟ್ಟು ಒಂದು ವರ್ಷಕ್ಕೂ ಕಡಿಮೆ. ಯೌವನದಲ್ಲಿ ಇಲಿನಾಯ್‌ನ ನ್ಯೂ ಸೇಲಂ ಗ್ರಾಮದಲ್ಲಿ ಪಾಲುದಾರನೊಡನೆ ಅಂಗಡಿಯಿಟ್ಟರು. ಅಂಗಡಿ ಮುಳುಗಿತು, 1835ರಲ್ಲಿ ಪಾಲುದಾರನೂ ತೀರಿಕೊಂಡನು. ಸುಮಾರು 1,100 ಡಾಲರ್ ಸಾಲ ಅವರೊಬ್ಬರ ಮೇಲೆ ಬಿತ್ತು. ಕುದುರೆಯೂ ಭೂಮಾಪನದ ಉಪಕರಣಗಳೂ ಹರಾಜಾದವು. ಆದರೂ ಊರು ಬಿಟ್ಟು ತಲೆತಪ್ಪಿಸಿಕೊಳ್ಳದೆ, ಸತ್ತವನ ಪಾಲನ್ನೂ ಸೇರಿಸಿ ಹಲವು ವರ್ಷ ತೀರಿಸುತ್ತ ಬಂದರು. ಸ್ವಂತವಾಗಿ ಕಾನೂನು ಓದಿ ವಕೀಲರಾದರು. ಪ್ರಾಂತದ ಶಾಸನಸಭೆಗೂ ಬಳಿಕ ದೇಶದ ಕಾಂಗ್ರೆಸ್ಸಿಗೂ ಆಯ್ಕೆಯಾದರು. 1858ರಲ್ಲಿ ಸೆನೆಟ್ ಸ್ಥಾನಕ್ಕೆ ಸೋತವರು 1860ರಲ್ಲಿ ಅಧ್ಯಕ್ಷರಾಗಿ ಆರಿಸಿಬಂದರು.

ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ ಹೊರಬಿದ್ದವು. 1861ರ ಏಪ್ರಿಲ್‌ನಲ್ಲಿ ಲಿಂಕನ್ನರು ಅವುಗಳ ಬಂದರುಗಳಿಗೆ ನೌಕಾ ದಿಗ್ಬಂಧನ ವಿಧಿಸಿದರು. ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದುರ್ಲಭವಾಯಿತು. ಮುಂಬಯಿಯಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಸೀಮೆಯ ಹತ್ತಿಯೂ ಘಟ್ಟವಿಳಿದು, ಕುಮಟಾ ಬಂದರಿನಿಂದ ಹಡಗೇರಿ ಇಲ್ಲಿಗೆ ಬಂದಿತು. ಸಮುದ್ರ ತುಂಬಿಸಲು ಹುಟ್ಟಿದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ರೂಪಾಯಿ ಮುಟ್ಟಿತು.

ಜೈನಾಚಾರ್ಯರು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೊರಿಸುವುದು, ಅನ್ನನೀರು ತಡೆಯುವುದು. ಅಮೆರಿಕದ ಹತ್ತಿ ಹೊಲಗಳಲ್ಲಿ ಈ ಐದೂ ನಡೆದಿದ್ದವು. 1863ರ ಜನವರಿ 1ರಂದು ಲಿಂಕನ್ನರು ಬಂಡೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಘೋಷಿಸಿದರು. 1865ರ ಮಾರ್ಚ್ 4ರಂದು, ಎರಡನೆಯ ಅಧಿಕಾರಗ್ರಹಣದ ದಿನ, 250 ವರ್ಷ ಕೂಲಿ ಕೊಡದೆ ದುಡಿಸಿ ಕೂಡಿಟ್ಟ ಸಂಪತ್ತಿಗೆ ದೇಶ ಯುದ್ಧದ ಮೂಲಕ ಬೆಲೆ ತೆರುತ್ತಿರಬಹುದೆಂದರು. ಅಂಗಡಿಯ ಬಾಕಿ ತೀರಿಸಿದವರು ದೇಶದ ಬಾಕಿಯನ್ನೂ ಮುಚ್ಚಿಡಲಿಲ್ಲ. ಏಪ್ರಿಲ್ 14ರ ರಾತ್ರಿ ಗುಂಡೇಟು ತಿಂದು ಮರುದಿನ ಅಸುನೀಗಿದರು. ದೇಶದಾದ್ಯಂತ ಗುಲಾಮಗಿರಿಯನ್ನು ಕೊನೆಗಾಣಿಸಿದ ಸಂವಿಧಾನ ತಿದ್ದುಪಡಿ ಆ ಡಿಸೆಂಬರ್‌ನಲ್ಲಿ ಸ್ಥಿರಪಟ್ಟಿತು.

ಯುದ್ಧ ಮುಗಿಯುತ್ತಲೇ ಹತ್ತಿಯ ಬೆಲೆ ಕುಸಿಯಿತು. 1865ರ ಜುಲೈ 1ರ ವಾಯಿದೆಯ ದಿನ ಮುಂಬಯಿಯ ಅನೇಕ ವ್ಯಾಪಾರಿಗಳು ದಿವಾಳಿಯಾದರು. ಪ್ರೇಮಚಂದರೂ ಹೊಡೆತ ತಿಂದರು. ಬ್ಯಾಂಕ್ ಆಫ್ ಬಾಂಬೆ ಮುಚ್ಚಿಹೋಯಿತು. ಉಳಿದದ್ದು ದಾನ.

ದಾನ ದೊಡ್ಡದು, ಸಂದೇಹವಿಲ್ಲ. ಆದರೆ ದಾನದಿಂದ ಬಾಕಿ ತೀರುವುದಿಲ್ಲ. ಅಭಿಷೇಕದ ಕಲಶಕ್ಕೆ ಲಕ್ಷ ರೂಪಾಯಿ ಸವಾಲು ಕೂಗುವವರ ಅಂಗಡಿಯಲ್ಲಿ ಕೆಲಸದ ಹುಡುಗನ ಭವಿಷ್ಯನಿಧಿ ಕಟ್ಟದೆ ಉಳಿದಿದ್ದರೆ, ಹನ್ನೆರಡು ಗಂಟೆ ದುಡಿಸಿ ಎಂಟು ಗಂಟೆಯ ಸಂಬಳ ಬರೆದಿದ್ದರೆ, ಅದೂ ಅತಿಭಾರಾರೋಪಣವೇ. ಈ ಮಾರ್ಚ್ 31ರಂದು ಲೆಕ್ಕ ಮುಗಿಸುವ ಮುನ್ನ ಪ್ರತಿ ಮನೆತನವೂ ದಾನದ ಪಾವತಿಗಳೊಡನೆ ಸಂಬಳದ ಪುಸ್ತಕವನ್ನೂ ತೆರೆದು ನೋಡಲಿ. ಬಾಕಿ ಕಂಡರೆ ಮೊದಲು ಅದನ್ನು ಸಲ್ಲಿಸಲಿ. ಕಲಶದ ಸವಾಲು ಆಮೇಲೆ.