ಕದ್ದ ಕೀಲಿಯೂ ಬೇಡ, ಬೀಗ ಜಡಿದ ಪುಸ್ತಕವೂ ಬೇಡ

(ಕಂಪ್ಯೂಟರ್ ಕಲಿಕಾ ಕೇಂದ್ರವೊಂದರ ಸಿದ್ಧತೆಗಾಗಿ ತುಮಕೂರಿನ ಸತ್ಯಮಂಗಲದಲ್ಲಿ ಸೇರಿದ್ದ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೊಹಲ್ಲಾದ ಮಕ್ಕಳಿಗಾಗಿ ಕಂಪ್ಯೂಟರ್ ಕೇಂದ್ರವೊಂದನ್ನು ತೆರೆಯಬೇಕೆಂಬ ನಿಮ್ಮ ತೀರ್ಮಾನವು ಅಭಿನಂದನೀಯವಾದುದು. ಮದುವೆಯ ಆಡಂಬರಕ್ಕೆ ಲಕ್ಷಗಟ್ಟಲೆ ವ್ಯಯಿಸಲು ಹಿಂಜರಿಯದ ನಮ್ಮ ಜನರು ಕಲಿಕೆಗಾಗಿ ಜೇಬಿಗೆ ಕೈ ಹಾಕುತ್ತಿದ್ದಾರೆಂದರೆ ಅದು ಶುಭಲಕ್ಷಣ. ಆದರೆ ಕಟ್ಟಡಕ್ಕೆ ಸುಣ್ಣ ಬಳಿಯುವ ಮುನ್ನವೇ ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ. ಕಳೆದ ವಾರ ನಿಮ್ಮಲ್ಲೊಬ್ಬರು ದೂರವಾಣಿಯಲ್ಲಿ ಆ ಪ್ರಶ್ನೆಯನ್ನು ಕೇಳಿದರು: "ಹತ್ತು ಹಳೆಯ ಕಂಪ್ಯೂಟರ್‌ಗಳು ದಾನವಾಗಿ ಬಂದಿವೆ. ವಿಂಡೋಸ್ ಹಾಕಿಕೊಡಲು ಹುಡುಗನೊಬ್ಬ ಒಂದಕ್ಕೆ ಮುನ್ನೂರು ರೂಪಾಯಿ ಕೇಳುತ್ತಿದ್ದಾನೆ. ಹಾಕಿಸಬಹುದೇ ಸರ್?"

ಇದು ಕೇವಲ ಮುನ್ನೂರು ರೂಪಾಯಿಯ ಪ್ರಶ್ನೆಯಲ್ಲ. ವಿಂಡೋಸ್‌ನ ಅಧಿಕೃತ ಪ್ರತಿಯೊಂದಕ್ಕೆ ಸಾವಿರಾರು ರೂಪಾಯಿ ಬೆಲೆಯಿದೆ. ಮುನ್ನೂರಕ್ಕೆ ಸಿಗುವುದು ಕದ್ದ ಪ್ರತಿ. ಹಾಗೆಂದು ಹೇಳುವಾಗ ನಾನು ಯಾರತ್ತಲೂ ಬೆರಳು ತೋರಿಸುತ್ತಿಲ್ಲ. ನಾನು ಡಿಟಿಪಿ ಕಲಿತದ್ದೂ ಇಂತಹದೇ ಪ್ರತಿಗಳಲ್ಲಿ. ಅದು ತಪ್ಪೆಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ತೂಕದಲ್ಲಿ ಮೋಸ ಮಾಡುವುದು ಪಾಪವೆಂದು ಮಕ್ಕಳಿಗೆ ಬೋಧಿಸುವ ನಾವು ಕಲಿಕೆಯ ಮೊದಲ ಪಾಠವನ್ನೇ ಕಳ್ಳ ಮಾಲಿನ ಮೇಲೆ ನಡೆಸಿದೆವು.

ಕೆಲವರು ಹೇಳುವುದುಂಟು: "ಅದು ಅಮೆರಿಕದ ಆಗರ್ಭ ಶ್ರೀಮಂತ ಕಂಪೆನಿ, ನಮ್ಮ ಹತ್ತು ಪ್ರತಿಗಳಿಂದ ಅದಕ್ಕೇನು ನಷ್ಟ?" ಆದರೆ ಪ್ರಾಮಾಣಿಕತೆಯನ್ನು ಎದುರಾಳಿಯ ಸಂಪತ್ತನ್ನು ನೋಡಿ ಅಳೆಯಲಾಗುವುದಿಲ್ಲ. ಕಾನೂನೂ ಅದನ್ನು ಒಪ್ಪುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಸೆಕ್ಷನ್ ಪ್ರಕಾರ, ಕದ್ದ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಬಳಸುವವರಿಗೆ 7 ದಿನಗಳಿಂದ 3 ವರ್ಷಗಳ ವರೆಗೆ ಜೈಲು ಹಾಗೂ 50 ಸಾವಿರದಿಂದ 2 ಲಕ್ಷ ರೂಪಾಯಿಗಳ ವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯವು ಜೈಲನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಬಹುದು. ಬಡ ಮಕ್ಕಳಿಗಾಗಿ ತೆರೆಯುವ ಕೇಂದ್ರವೊಂದು ಇಂತಹ ಕಳಂಕವನ್ನು ಯಾಕೆ ಹೊತ್ತುಕೊಳ್ಳಬೇಕು?

ಇನ್ನೊಂದು ವಿಷಯವೂ ಇದೆ. ವಿಂಡೋಸ್ 10ಕ್ಕೆ ಕಂಪೆನಿ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಬಳಿಕದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. 2017ಕ್ಕಿಂತ ಹಿಂದಿನ ಬಹುಪಾಲು ಕಂಪ್ಯೂಟರ್‌ಗಳು ಅದರ ಅಧಿಕೃತ ಷರತ್ತುಗಳನ್ನು ಪೂರೈಸುವುದಿಲ್ಲ. ಅಂದರೆ, ನೀವು ಹಣ ಕೊಟ್ಟು ಖರೀದಿಸಲು ಸಿದ್ಧರಿದ್ದರೂ ದಾನವಾಗಿ ಬಂದ ಈ ಯಂತ್ರಗಳಲ್ಲಿ ಹೆಚ್ಚಿನವು ಗುಜರಿಗೆ ಹೋಗಬೇಕು. ಯಂತ್ರ ಸುಸ್ಥಿತಿಯಲ್ಲಿದೆ, ಕೀಲಿಮಣೆ ಸರಿಯಾಗಿದೆ, ಪರದೆ ಬೆಳಗುತ್ತದೆ. ಆದರೂ ಅದಕ್ಕೆ ಆಯುಸ್ಸು ಮುಗಿಯಿತೆಂದು ದೂರದಲ್ಲಿ ಕುಳಿತ ಯಾರೋ ತೀರ್ಮಾನಿಸುತ್ತಾರೆ!

ಮೂರನೆಯ ದಾರಿ

ಹಾಗಾದರೆ ಕೊಳ್ಳುವುದು ಅಥವಾ ಕದಿಯುವುದು, ಇವೆರಡೇ ದಾರಿಗಳೇ? ಖಂಡಿತ ಅಲ್ಲ. ಮೂರನೆಯ ದಾರಿಯೊಂದಿದೆ. ಅದು ಆರಂಭವಾದದ್ದು, ನಿಮ್ಮಲ್ಲಿ ಝೆರಾಕ್ಸ್ ಅಂಗಡಿ ಇಟ್ಟವರಿಗೆ ಚೆನ್ನಾಗಿ ಅರ್ಥವಾಗುವ ಘಟನೆಯಿಂದ. ಅಮೆರಿಕದ ಎಂಐಟಿ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರಯೋಗಾಲಯದಲ್ಲಿ ಒಂದು ಪ್ರಿಂಟರ್ ಇತ್ತು. ಅದರಲ್ಲಿ ಪದೇ ಪದೇ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್, ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸೂಚನೆ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಲು ಬಯಸಿದರು. ಆದರೆ ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ಮೂಲ ಬರಹ, ಅವರಿಗೆ ಸಿಗಲಿಲ್ಲ. ಅದನ್ನು ಹೊಂದಿದ್ದವರು ಗುಟ್ಟು ಬಿಟ್ಟುಕೊಡುವುದಿಲ್ಲವೆಂದು ಕರಾರು ಮಾಡಿಕೊಂಡಿದ್ದರು. ನೆರೆಯವನಿಗೆ ನೆರವಾಗಬಾರದೆಂಬ ಈ ಕರಾರೇ ಅನ್ಯಾಯವೆಂದು ಸ್ಟಾಲ್‌ಮನ್‌ಗೆ ಅನ್ನಿಸಿತು. 1983ರಲ್ಲಿ ಅವರು ಗ್ನೂ ಎಂಬ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಎಂಬ ತಿರುಳನ್ನು ಬರೆದು ಎಲ್ಲರಿಗೂ ಹಂಚಿದರು. ಇವೆರಡೂ ಸೇರಿದಾಗ ಪೂರ್ಣ ಕಾರ್ಯಾಚರಣೆ ವ್ಯವಸ್ಥೆಯೊಂದು ಸಿದ್ಧವಾಯಿತು. ಇಂದು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲ್‌ನ ಒಳಗೂ ಅದೇ ಲಿನಕ್ಸ್ ತಿರುಳಿದೆ. ಲಿನಕ್ಸ್ ನಮಗೆ ಹೊಸತೆಂದು ಹೇಳುವವರು ದಿನವಿಡೀ ಅದನ್ನೇ ಕೈಯಲ್ಲಿ ಹಿಡಿದಿರುತ್ತಾರೆ.

ಇಂತಹ ತಂತ್ರಾಂಶವು ನಾಲ್ಕು ಹಕ್ಕುಗಳನ್ನು ಕೊಡುತ್ತದೆ. ಯಾವ ಉದ್ದೇಶಕ್ಕೂ ಬಳಸಬಹುದು, ಒಳಗೇನಿದೆಯೆಂದು ನೋಡಿ ತಿದ್ದಿಕೊಳ್ಳಬಹುದು, ಪ್ರತಿ ಮಾಡಿ ನೆರೆಯವನಿಗೆ ಕೊಡಬಹುದು, ತಿದ್ದಿದ್ದನ್ನೂ ಹಂಚಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಬಳಸುವ ಫ್ರೀ ಎಂಬ ಪದಕ್ಕೆ ಬಿಟ್ಟಿ ಎಂಬ ಅರ್ಥವೂ ಇರುವುದರಿಂದ ಅವರು ದಶಕಗಳಿಂದ ವಿವರಣೆ ಕೊಡುತ್ತಲೇ ಇದ್ದಾರೆ. ಕನ್ನಡಕ್ಕೆ ಆ ತೊಂದರೆಯಿಲ್ಲ. ನಮ್ಮಲ್ಲಿ ಉಚಿತ ಬೇರೆ, ಮುಕ್ತ ಬೇರೆ. ಮುನ್ನೂರು ರೂಪಾಯಿಯ ಪ್ರತಿ ಅಗ್ಗವಾಗಿರಬಹುದು, ಆದರೆ ಮುಕ್ತವಲ್ಲ. ಲಿನಕ್ಸನ್ನು ಪ್ರತಿ ಮಾಡಿ ಹತ್ತು ಯಂತ್ರಗಳಿಗೆ ಹಾಕಿದರೆ ಅದು ಕಳ್ಳತನವಲ್ಲ. ಹಾಗೆ ಮಾಡಲೆಂದೇ ಅದನ್ನು ಬರೆದವರು ಅನುಮತಿ ಕೊಟ್ಟಿದ್ದಾರೆ.

ಇದು ಆದರ್ಶದ ಮಾತಷ್ಟೇ ಎಂದು ಭಾವಿಸುವವರು ಕಾಸರಗೋಡಿನ ಕಡೆ ನೋಡಲಿ. ಕೇರಳ ಸರಕಾರವು ತನ್ನ ಐಟಿ ಅಟ್ ಸ್ಕೂಲ್ ಯೋಜನೆಯ ಮೂಲಕ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ದಿತು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸಂಸ್ಥೆಯಾಯಿತು. ಗಡಿಯಾಚೆಗಿನ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುವುದು ಈ ವ್ಯವಸ್ಥೆಯಲ್ಲೇ. 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಇದನ್ನು ಅಳವಡಿಸುವುದರಿಂದ ಸುಮಾರು 3000 ಕೋಟಿ ರೂಪಾಯಿ ಉಳಿಯುತ್ತದೆಂದು 2019ರಲ್ಲಿ ಅಲ್ಲಿನ ಅಧಿಕಾರಿಗಳು ಹೇಳಿದ್ದರು. ಸರಕಾರಿ ಶಾಲೆಯೊಂದರ ಹನ್ನೆರಡು ವರ್ಷದ ಬಾಲಕಿಗೆ ಸಾಧ್ಯವಾದದ್ದು ಸತ್ಯಮಂಗಲದ ಬಾಲಕಿಗೆ ಯಾಕೆ ಸಾಧ್ಯವಾಗಬಾರದು?

ಕನ್ನಡ ತೆತ್ತ ಬೆಲೆ

ಮುಚ್ಚಿದ ವ್ಯವಸ್ಥೆಯಿಂದಾಗುವ ಹಾನಿಯೇನೆಂಬುದು ಕನ್ನಡಿಗರಾದ ನಮಗೆ ಪುಸ್ತಕ ಓದಿ ತಿಳಿಯಬೇಕಾದುದಲ್ಲ. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳಿಂದಾಗಿಯೇ ಕನ್ನಡವು ಕಂಪ್ಯೂಟರಿನಲ್ಲಿ ನೆಲೆಯೂರಿತು. ಅವುಗಳನ್ನು ರಚಿಸಿದವರಿಗೆ ನಾವು ಕೃತಜ್ಞರಾಗಿರಬೇಕು. ಆದರೆ ಆರಂಭದ ಆ ವರ್ಷಗಳಲ್ಲಿ ಅಕ್ಷರಗಳಿಗೆ ಕೊಟ್ಟ ಸಂಕೇತಗಳು ಒಂದೊಂದರಲ್ಲಿ ಒಂದೊಂದು ರೀತಿಯಾಗಿದ್ದುವು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ನನ್ನ ಬಳಿ ಹಳೆಯ ಸಿಡಿಗಳಲ್ಲಿ ಎಷ್ಟೋ ಲೇಖನಗಳಿವೆ. ಬರೆದವನು ನಾನೇ, ಆದರೆ ಅಂದಿನ ಫಾಂಟ್ ಇಲ್ಲದಿದ್ದರೆ ನನ್ನ ಬರಹವನ್ನು ನಾನೇ ಓದಲಾರೆ!

1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಜಗತ್ತಿನ ಎಲ್ಲ ಯಂತ್ರಗಳೂ ಒಪ್ಪುವ ಆ ಬಹಿರಂಗ ಶಿಷ್ಟತೆಯನ್ನು ನಮ್ಮ ಕಚೇರಿಗಳೂ ಮುದ್ರಣಾಲಯಗಳೂ ಅಪ್ಪಿಕೊಳ್ಳಲು ಬಹಳ ತಡವಾಯಿತು. ಹಳೆಯ ಬರಹವನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳನ್ನು ಸ್ವಯಂಸೇವಕರು ರಚಿಸಿ ಸೋರ್ಸ್ ಕೋಡ್ ಸಮೇತ ಹಂಚಿದರು. ನವಿಲು, ಗುಬ್ಬಿ ಎಂಬ ಮುಕ್ತ ಕನ್ನಡ ಫಾಂಟ್‌ಗಳು ಬಂದುವು. ಗುಬ್ಬಿ ಎಂದಾಕ್ಷಣ ನಮಗೆ ವೀರಣ್ಣನವರ ನಾಟಕ ಕಂಪೆನಿಯ ಊರು, ನಮ್ಮ ನೆರೆಯ ತಾಲೂಕು ನೆನಪಾಗುವುದು ಸಹಜ. ಆದರೆ ಅದೇ ಹೆಸರಿನ ಅಕ್ಷರವಿನ್ಯಾಸವೊಂದನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದೆಂಬುದು ತುಮಕೂರಿನ ಎಷ್ಟು ಡಿಟಿಪಿ ಅಂಗಡಿಗಳಿಗೆ ತಿಳಿದಿದೆ? ಉರ್ದುವಿನ ನಸ್ತಾಲೀಖ್ ಬರಹಕ್ಕೂ ನೋಟೊ ನಸ್ತಾಲೀಖ್‌ನಂತಹ ಮುಕ್ತ ಫಾಂಟ್ ಇದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಮಕ್ಕಳು ಎರಡನ್ನೂ ಕದಿಯದೆ ಬರೆಯಬಹುದು.

ಖರೀದಿಯೋ, ಬಾಡಿಗೆಯೋ?

ಇನ್ನು ಡಿಆರ್‌ಎಂ ಎಂಬ ಬೀಗದ ಕುರಿತು. ಡಿಜಿಟಲ್ ಹಕ್ಕುಗಳ ನಿರ್ವಹಣೆ ಎಂಬುದು ಅದರ ಪೂರ್ಣ ಹೆಸರು. ನೀವು ಹಣ ಕೊಟ್ಟು ಪಡೆದ ಹಾಡು, ಪುಸ್ತಕ, ಚಿತ್ರವನ್ನು ಯಾವ ಯಂತ್ರದಲ್ಲಿ, ಎಷ್ಟು ಬಾರಿ, ಎಷ್ಟು ದಿನ ಬಳಸಬಹುದೆಂದು ಮಾರಿದವನೇ ನಿಯಂತ್ರಿಸುವ ತಾಂತ್ರಿಕ ಏರ್ಪಾಡು ಅದು.

2009ರ ಜುಲೈಯಲ್ಲಿ ಅಮೆಝಾನ್ ಕಂಪೆನಿಯು ತನ್ನ ಕಿಂಡಲ್ ಓದುಗರ ಯಂತ್ರಗಳಿಂದ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ದೂರದಿಂದಲೇ ಅಳಿಸಿ ಹಾಕಿತು. ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲವೆಂಬುದು ಕಾರಣ. ಹಣ ಹಿಂತಿರುಗಿಸಿ, ಬಳಿಕ ಕಂಪೆನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. ಅಳಿಸಲ್ಪಟ್ಟ ಒಂದು ಕಾದಂಬರಿಯ ಹೆಸರು 1984. ಪ್ರಜೆಗಳ ಮೇಲೆ ಸದಾ ಕಣ್ಣಿಡುವ, ದಾಖಲೆಗಳನ್ನು ಅಳಿಸಿ ತಿದ್ದುವ ಪ್ರಭುತ್ವದ ಕತೆ ಅದರಲ್ಲಿದೆ! 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಅಲ್ಲಿ ಕೊಂಡ ಪುಸ್ತಕಗಳೂ ತೆರೆಯದಾದುವು. ಅಲ್ಲಿಯೂ ಹಣ ವಾಪಸು ಬಂತು. ಆದರೆ ಯೋಚಿಸಿ, ಪುಸ್ತಕದಂಗಡಿ ಮುಚ್ಚಿತೆಂದು ಅಂಗಡಿಯವನು ನಿಮ್ಮ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋಗುವುದನ್ನು ನೀವು ಸಹಿಸುವಿರಾ? ಅಜ್ಜನ ಪುಸ್ತಕ ಮೊಮ್ಮಗನಿಗೆ ಸಿಗುತ್ತದೆ. ಬೀಗ ಜಡಿದ ಪುಸ್ತಕಕ್ಕೆ ಉತ್ತರಾಧಿಕಾರಿಗಳಿರುವುದಿಲ್ಲ.

ಲೇಖಕನಿಗೆ, ಗಾಯಕನಿಗೆ ಅವರ ದುಡಿಮೆಯ ಫಲ ಸಿಗಬಾರದೆಂಬುದು ಇದರರ್ಥವಲ್ಲ. ಕೂಲಿಯನ್ನು ಸಲ್ಲಿಸಲೇಬೇಕು. ಆದರೆ ಬೀಗದಿಂದ ಕಳ್ಳನಿಗಿಂತ ಹೆಚ್ಚು ತೊಂದರೆಯಾಗುವುದು ಹಣ ಕೊಟ್ಟ ಪ್ರಾಮಾಣಿಕನಿಗೆ. ಕಳ್ಳನ ಪ್ರತಿಯಲ್ಲಿ ಬೀಗವೇ ಇರುವುದಿಲ್ಲ! ಬೀಗವಿಲ್ಲದೆಯೂ ವ್ಯಾಪಾರ ನಡೆಯುತ್ತದೆ. ಆ್ಯಪಲ್ ಕಂಪೆನಿ 2009ರಲ್ಲಿ ತನ್ನ ಅಂಗಡಿಯ ಹಾಡುಗಳಿಂದ ಡಿಆರ್‌ಎಂ ಕಿತ್ತು ಹಾಕಿತು. ಹಾಡುಗಳ ಮಾರಾಟ ಅದರಿಂದ ನಿಂತುಹೋಗಲಿಲ್ಲ.

ಅತ್ಯಂತ ಹೆಚ್ಚು ಅನ್ಯಾಯವಾಗುವುದು ಕಣ್ಣಿಲ್ಲದವರಿಗೆ. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿಂದ ಅವರು ಓದುತ್ತಾರೆ. ಬೀಗ ಜಡಿದ ಪುಸ್ತಕವು ಅನೇಕ ವೇಳೆ ಆ ತಂತ್ರಾಂಶಕ್ಕೂ ಬಾಗಿಲು ಮುಚ್ಚುತ್ತದೆ. ನಮ್ಮ ಸಂಸತ್ತು 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದಾಗ, ಅಂಗವಿಕಲರಿಗಾಗಿ ಓದಬಲ್ಲ ರೂಪದ ಪ್ರತಿಗಳನ್ನು ಸಿದ್ಧಪಡಿಸಲು ಅವಕಾಶವಿತ್ತಿತು. ಅದೇ ತಿದ್ದುಪಡಿಯ 65ಎ ಸೆಕ್ಷನ್, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವವರಿಗೆ 2 ವರ್ಷಗಳ ವರೆಗೆ ಜೈಲನ್ನೂ ದಂಡವನ್ನೂ ನಿಗದಿಪಡಿಸಿತು. ಉದ್ದೇಶವನ್ನು ನೋಡಬೇಕೆಂದು ಕಾನೂನು ಹೇಳುತ್ತದೆ. ಆದರೆ ಬೀಗಕ್ಕೆ ಉದ್ದೇಶ ತಿಳಿಯುವುದಿಲ್ಲ. ಅದು ಕಳ್ಳನನ್ನೂ ಅಂಧ ವಿದ್ಯಾರ್ಥಿಯನ್ನೂ ಒಂದೇ ರೀತಿ ತಡೆಯುತ್ತದೆ. ಹೀಗಿರುವಾಗ, ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು ವಿಂಡೋಸ್‌ಗಾಗಿ ಎನ್‌ವಿಡಿಎ ಎಂಬ ಮುಕ್ತ ಓದು ತಂತ್ರಾಂಶವನ್ನು ಕಟ್ಟಿ ಜಗತ್ತಿಗೇ ಕೊಟ್ಟರು. ಮುಕ್ತವಾದ ಇ-ಸ್ಪೀಕ್ ಧ್ವನಿಯ ನೆರವಿನಿಂದ ಅದು ಕನ್ನಡವನ್ನೂ ಓದುತ್ತದೆ. ದುಬಾರಿ ತಂತ್ರಾಂಶಕ್ಕಾಗಿ ಕೈಚಾಚಬೇಕಾಗಿದ್ದವರು ದಾನಿಗಳಾದ ಬಗೆ ಇದು.

ಒಪ್ಪಿಕೊಳ್ಳಬೇಕಾದ ಮಾತು

ಕಷ್ಟಗಳನ್ನು ಮುಚ್ಚಿಟ್ಟು ನಿಮ್ಮನ್ನು ಮರುಳು ಮಾಡುವುದು ನನ್ನ ಉದ್ದೇಶವಲ್ಲ. ನಮ್ಮ ಪದವೀಧರರಿಗೆ ಲೆಕ್ಕಪತ್ರದ ಕೆಲಸ ಸಿಗಬೇಕಾದರೆ ಟ್ಯಾಲಿ ತಿಳಿದಿರಬೇಕು, ಅದು ವಿಂಡೋಸ್‌ಗಾಗಿ ರಚಿತವಾದದ್ದು. ಲಿಬ್ರೆ ಆಫೀಸ್, ಸ್ಕ್ರೈಬಸ್, ಗಿಂಪ್ ಮುಂತಾದವುಗಳಿಗೆ ಕೈ ಪಳಗಲು ಸಮಯ ಬೇಕು. ಕೆಲವು ಪ್ರಿಂಟರ್‌ಗಳು ಲಿನಕ್ಸ್ ಜೊತೆ ಹಠ ಹಿಡಿಯುತ್ತವೆ. ತೊಂದರೆಯಾದಾಗ ಬಂದು ಸರಿಪಡಿಸುವ ಹುಡುಗ ಬೀದಿಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ಆದುದರಿಂದ ನನ್ನ ಸಲಹೆ ಹೀಗಿದೆ. ಹತ್ತರಲ್ಲಿ ಒಂದು ಯಂತ್ರಕ್ಕೆ ಚಂದಾ ಎತ್ತಿಯಾದರೂ ಅಧಿಕೃತ ವಿಂಡೋಸ್ ಕೊಳ್ಳಿರಿ. ದಾನದ ಯಂತ್ರಗಳಲ್ಲಿ ಯಾವುದೂ ಅದಕ್ಕೆ ಒಗ್ಗದಿದ್ದರೆ ಒಗ್ಗುವ ಒಂದನ್ನು ಹುಡುಕಿರಿ. ಟ್ಯಾಲಿ ಕಲಿಯುವವರು ಸರದಿಯಂತೆ ಅದರಲ್ಲಿ ಕಲಿಯಲಿ. ಉಳಿದ ಒಂಬತ್ತಕ್ಕೆ ಹಳೆಯ ಯಂತ್ರಗಳಿಗೆ ಹೊಂದುವ ಹಗುರವಾದ ಲಿನಕ್ಸ್ ಹಾಕಿಸಿರಿ. ಬರೆಯುವುದೆಲ್ಲವೂ ಯೂನಿಕೋಡ್‌ನಲ್ಲಿರಲಿ. ಆ ಹುಡುಗ ಕೇಳಿದ ಮೂರು ಸಾವಿರ ರೂಪಾಯಿಗಳನ್ನು, ಲಿನಕ್ಸ್ ಬಲ್ಲ ಯುವಕನೊಬ್ಬ ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಕಲಿಸುವ ಬಸ್ ಖರ್ಚಿಗೆ ತೆಗೆದಿಡಿ. ಸಾಧ್ಯವಾದರೆ ಆ ಹುಡುಗನನ್ನೇ ಮೊದಲ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಿರಿ. ಅವನು ಕೆಟ್ಟವನಲ್ಲ, ಬೇರೆ ದಾರಿಯನ್ನು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೇ.

ಎರಡು ವರ್ಷಗಳ ಬಳಿಕ ಈ ಕೇಂದ್ರದ ಒಬ್ಬ ಹುಡುಗಿಯಾದರೂ ಕನ್ನಡದ ತಂತ್ರಾಂಶವೊಂದರ ತಪ್ಪನ್ನು ಹುಡುಕಿ ತಿದ್ದಿ ಕಳುಹಿಸಿದಳೆಂದರೆ, ಅದು ನಾವು ಬಯಸುತ್ತಿರುವ ನಿಜವಾದ ಬದಲಾವಣೆ. ಮುಚ್ಚಿದ ತಂತ್ರಾಂಶದಲ್ಲಿ ಅವಳು ಜೀವನಪರ್ಯಂತ ಗಿರಾಕಿಯಷ್ಟೇ. ಇಲ್ಲಿ ಅವಳು ಕರ್ತೃವಾಗಬಲ್ಲಳು. ನಮ್ಮ ಮಕ್ಕಳನ್ನು ಗಿರಾಕಿಗಳನ್ನಾಗಿ ಬೆಳೆಸಬೇಕೋ, ಕರ್ತೃಗಳನ್ನಾಗಿ ಬೆಳೆಸಬೇಕೋ ಎಂಬುದನ್ನು ಆ ಹತ್ತು ಹಳೆಯ ಯಂತ್ರಗಳ ಮುಂದೆ ನಿಂತು ನೀವೇ ತೀರ್ಮಾನಿಸಬೇಕು. ಊರಿನ ಹೆಸರಿನಲ್ಲಿ ಸತ್ಯವಿದೆ. ಕೇಂದ್ರದ ಮೊದಲ ದಿನದ ಪಾಠದಲ್ಲೂ ಅದಿರಲಿ.