ಮೂಡಣ ಪಡುವಣಗಳ ಬಲಾಬಲ

ಎರಡು ಗುಂಪುಗಳನ್ನು ಎದುರುಬದುರಾಗಿ ನಿಲ್ಲಿಸಿ, ಇವುಗಳಲ್ಲಿ ಯಾವುದು ಹೆಚ್ಚು ಎಂದು ಕೇಳುವುದು ಮನುಷ್ಯನಿಗೆ ಬಹಳ ಹಳೆಯ ಚಟ. ಸಾಹಿತ್ಯವನ್ನು ಓದಿ ಓದಿಸುವ ನಾವಂತೂ ಈ ಚಟವನ್ನು ಒಂದು ವಿದ್ಯೆಯನ್ನಾಗಿಯೇ ಮಾಡಿಕೊಂಡಿದ್ದೇವೆ. ಚಂಪೂ ಕವಿಗಳ ಕಾಲ ದೊಡ್ಡದೋ, ವಚನಕಾರರ ಕಾಲ ದೊಡ್ಡದೋ ಎಂಬ ಬಗೆಯ ಪ್ರಶ್ನೆಗಳನ್ನು ಕೊಟ್ಟು, ಬಂದ ಉತ್ತರಗಳಿಗೆ ಅಂಕ ಹಾಕುತ್ತ ನಾನು ಮೂರು ದಶಕಗಳನ್ನು ಕಳೆದಿದ್ದೇನೆ. ಅವನ್ನೆಲ್ಲ ಓದಿ ನನಗೆ ಮನವರಿಕೆಯಾದದ್ದು ಇಷ್ಟು: ಇಬ್ಬರು ವಾದಕ್ಕೆ ನಿಂತಾಗ ಅವರ ತೀರ್ಪುಗಳು ಬೇರೆಯಾಗಿರುವುದಕ್ಕಿಂತ ಅವರ ಕೈಯಲ್ಲಿರುವ ಅಳತೆಗೋಲುಗಳು ಬೇರೆಯಾಗಿರುವುದೇ ಹೆಚ್ಚು.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ನನಗೆ ದೊರೆತದ್ದು ಸಾಹಿತ್ಯದಲ್ಲಲ್ಲ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ. ಅಲ್ಲಿ ರಾತ್ರಿಯಾದಾಗ ನಮಗೆ ಬೆಳಗು. ನಿವೃತ್ತನಾದ ಮೇಲೆ ಬೆಳಗಿನ ಕಾಫಿಯ ಜೊತೆಗೆ ಈ ಪಂದ್ಯಗಳನ್ನು ನೋಡುವ ಅಭ್ಯಾಸ ನನಗೆ ಅಂಟಿಕೊಂಡಿತು. ಆಟಕ್ಕಿಂತ ಆಟದ ಸುತ್ತಣ ಒಂದು ಜಗಳ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯಿತು. ಶ್ರೋತೃಗಳ ಮುಂದೆ ಇಂದು ಇಡಲಿರುವುದು ಆ ಜಗಳದ ಕಥೆ.

ಅಲ್ಲಿಯ ಮುಖ್ಯ ಲೀಗಿಗೆ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಚಿಕ್ಕದಾಗಿ ಎನ್.ಬಿ.ಎ., ಎಂದು ಹೆಸರು. ೨೦೦೪ರಿಂದ ಅದರಲ್ಲಿ ಮೂವತ್ತು ತಂಡಗಳು. ಪೂರ್ವಕ್ಕೆ ಹದಿನೈದು, ಪಶ್ಚಿಮಕ್ಕೆ ಹದಿನೈದು. ಈ ವಿಭಾಗಗಳನ್ನು ಅವರು ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮಲ್ಲಿ ಕಾನ್ಫರೆನ್ಸ್ ಎಂದೊಡನೆ ಅಧ್ಯಕ್ಷ ಭಾಷಣ, ಗೋಷ್ಠಿ, ವಂದನಾರ್ಪಣೆಗಳು ನೆನಪಿಗೆ ಬರುವುದರಿಂದ ನಾನು ಮೂಡಣ ಪಂಗಡ, ಪಡುವಣ ಪಂಗಡ ಎಂದೇ ಕರೆಯುತ್ತೇನೆ. ಒಂದು ಋತುವಿನಲ್ಲಿ ಪ್ರತಿಯೊಂದು ತಂಡವೂ ೮೨ ಪಂದ್ಯಗಳನ್ನಾಡುತ್ತದೆ. ಅವುಗಳಲ್ಲಿ ೫೨ ತನ್ನ ಪಂಗಡದವರ ಮೇಲೆ. ಉಳಿದ ೩೦ ಎದುರು ಪಂಗಡದ ಹದಿನೈದು ತಂಡಗಳ ಮೇಲೆ, ತಲಾ ಎರಡರಂತೆ. ಬಳಿಕ ಪಂಗಡಕ್ಕೆ ಎಂಟರಂತೆ ಹದಿನಾರು ತಂಡಗಳು ಪ್ಲೇಆಫ್ ಎಂಬ ಕೊನೆಯ ಘಟ್ಟಕ್ಕೆ ಹೋಗುತ್ತವೆ. ಅಲ್ಲಿ ಏಳು ಪಂದ್ಯಗಳಲ್ಲಿ ಮೊದಲು ನಾಲ್ಕನ್ನು ಗೆದ್ದವರು ಮುಂದಿನ ಸುತ್ತಿಗೆ. ಕಟ್ಟಕಡೆಗೆ ಮೂಡಣದ ಒಂದು ತಂಡ, ಪಡುವಣದ ಒಂದು ತಂಡ ಎದುರಾಗಿ ಪ್ರಶಸ್ತಿ ತೀರ್ಮಾನವಾಗುತ್ತದೆ.

ಇಂಥ ವ್ಯವಸ್ಥೆಯಲ್ಲಿ ಯಾವ ಪಂಗಡ ಬಲಿಷ್ಠ ಎಂಬ ಪ್ರಶ್ನೆ ಹುಟ್ಟದೆ ಇರುತ್ತದೆಯೆ?

ಉತ್ತರಕ್ಕೆ ಹೊರಡುವ ಮೊದಲು ನಡುವಣ ಗೆರೆಯನ್ನೊಮ್ಮೆ ನೋಡಬೇಕು. ಅದು ಪ್ರಕೃತಿ ಎಳೆದ ಗೆರೆಯಲ್ಲ. ೧೯೪೬ರಲ್ಲಿ ಈ ಲೀಗು ಬೇರೊಂದು ಹೆಸರಿನಿಂದ ಹನ್ನೊಂದು ತಂಡಗಳೊಡನೆ ಆರಂಭವಾದಾಗ ಡೆಟ್ರಾಯಿಟ್, ಕ್ಲೀವ್‌ಲೆಂಡ್, ಪಿಟ್ಸ್‌ಬರ್ಗ್ ನಗರಗಳು ಪಡುವಣ ಎನಿಸಿಕೊಂಡಿದ್ದವು. ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿ ಅಂದಿನ ಪಡುವಣದ ಕೊನೆಯ ಅಂಚು. ಪೆಸಿಫಿಕ್ ಕಡಲ ತೀರದಲ್ಲಿ ಒಂದು ತಂಡವೂ ಇರಲಿಲ್ಲ. ೧೯೬೦ರಲ್ಲಿ ಲೇಕರ್ಸ್ ತಂಡ ಮಿನಿಯಾಪೊಲಿಸ್ಸನ್ನು ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು; ೧೯೬೨ರಲ್ಲಿ ವಾರಿಯರ್ಸ್ ತಂಡ ಫಿಲಡೆಲ್ಫಿಯಾವನ್ನು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯಿತು. ತಂಡಗಳು ಹೀಗೆ ಊರು ಬಿಟ್ಟಂತೆ, ಗೆರೆಯೂ ಸರಿಯುತ್ತ ಬಂದಿತು. ೧೯೮೦ರಲ್ಲಿ ಡಲ್ಲಾಸಿನ ಹೊಸ ತಂಡ ಸೇರಿದಾಗ ಪಂಗಡಗಳನ್ನು ಮರಳಿ ಹೊಂದಿಸಬೇಕಾಯಿತು. ಷಿಕಾಗೋ ಮತ್ತು ಮಿಲ್ವಾಕಿ ಪಡುವಣದಿಂದ ಮೂಡಣಕ್ಕೆ ಬಂದವು; ಹ್ಯೂಸ್ಟನ್ ಮತ್ತು ಸ್ಯಾನ್ ಆಂಟೋನಿಯೋ ಮೂಡಣದಿಂದ ಪಡುವಣಕ್ಕೆ ಹೋದವು. ಮಿಲ್ವಾಕಿಯ ತಂಡ ೧೯೭೧ರಲ್ಲಿ ಪ್ರಶಸ್ತಿ ಗೆದ್ದದ್ದು ಪಡುವಣದ ತಂಡವಾಗಿ. ೨೦೨೧ರಲ್ಲಿ ಅದೇ ಊರಿನ ಅದೇ ತಂಡ ಗೆದ್ದದ್ದು ಮೂಡಣದ ತಂಡವಾಗಿ. ಊರು ಕದಲಲಿಲ್ಲ, ದಿಕ್ಕು ಮಾತ್ರ ಬದಲಾಯಿತು.

ಈಗ ಅಳತೆಗೋಲುಗಳಿಗೆ ಬರೋಣ. ಮೊದಲನೆಯದು ಶಿಖರದ ಅಳತೆ: ಎಷ್ಟು ಪ್ರಶಸ್ತಿಗಳು ಯಾರ ಪಾಲಿಗೆ? ಜನರ ನೆನಪು ಇದನ್ನೇ ಹಿಡಿದುಕೊಳ್ಳುತ್ತದೆ. ಹತ್ತನೆಯ ಶತಮಾನವನ್ನು ನಾವು ರತ್ನತ್ರಯರಿಂದ ಗುರುತಿಸುವುದಿಲ್ಲವೆ? ೧೯೯೯ರಿಂದ ೨೦೨೫ರ ವರೆಗಿನ ಇಪ್ಪತ್ತೇಳು ಪ್ರಶಸ್ತಿಗಳಲ್ಲಿ ಪಡುವಣ ಹದಿನೆಂಟನ್ನೂ ಮೂಡಣ ಒಂಬತ್ತನ್ನೂ ಪಡೆದಿವೆ. ಒಂದಕ್ಕೆ ಎರಡು. ವಾದ ಮುಗಿಯಿತೆಂದು ತೋರುತ್ತದೆ. ಆದರೆ ಆ ಹದಿನೆಂಟರಲ್ಲಿ ಐದು ಸ್ಯಾನ್ ಆಂಟೋನಿಯೋ ತಂಡದವು. ೧೯೮೦ರ ಗೆರೆ ಸರಿಯದಿದ್ದರೆ ಅವು ಮೂಡಣದ ಖಾತೆಯಲ್ಲಿರುತ್ತಿದ್ದವು. ೨೦೨೧ರ ಮಿಲ್ವಾಕಿಯ ಪ್ರಶಸ್ತಿ ಪಡುವಣಕ್ಕೆ ಸಲ್ಲುತ್ತಿತ್ತು. ಹಾಗೆ ಎಣಿಸಿದರೆ ಲೆಕ್ಕ ಹದಿನಾಲ್ಕಕ್ಕೆ ಹದಿಮೂರು! ಇನ್ನೊಂದು ಪಂಗಡದಲ್ಲಿ ಆಡಿದ್ದರೆ ಅವೇ ಫಲಿತಾಂಶಗಳು ಬರುತ್ತಿದ್ದುವೆಂದು ಯಾರೂ ಆಣೆಯಿಟ್ಟು ಹೇಳಲಾರರು, ನಿಜ. ಆದರೂ ದಿಕ್ಕಿನ ಹೆಮ್ಮೆಯೆಂಬುದು ಎಷ್ಟರ ಮಟ್ಟಿಗೆ ಗುಮಾಸ್ತೆಯ ಲೇಖನಿಯ ಗೀಟನ್ನು ಅವಲಂಬಿಸಿದೆ ಎಂಬುದು ಇದರಿಂದ ತಿಳಿಯುತ್ತದೆ. ಮೈಕೇಲ್ ಜೋರ್ಡಾನರ ಷಿಕಾಗೋ ತಂಡ ೧೯೯೧ರಿಂದ ೧೯೯೮ರ ಒಳಗೆ ಗೆದ್ದ ಆರು ಪ್ರಶಸ್ತಿಗಳು ಮೂಡಣದ ಕೀರ್ತಿಯಾದದ್ದೂ ಅದೇ ಗೀಟಿನಿಂದಲೇ.

ಶಿಖರದ ಅಳತೆಗೆ ಇನ್ನೊಂದು ದೋಷವಿದೆ. ಒಂದು ಶಿಖರವನ್ನು ಒಬ್ಬನೇ ಹೊತ್ತಿರಬಹುದು. ೨೦೧೧ರಿಂದ ೨೦೧೮ರ ವರೆಗೆ ಸತತವಾಗಿ ಎಂಟು ವರ್ಷ ಮೂಡಣದಿಂದ ಅಂತಿಮ ಸರಣಿಗೆ ಬಂದದ್ದು ಲೆಬ್ರಾನ್ ಜೇಮ್ಸ್ ಇದ್ದ ತಂಡವೇ. ಮೊದಲ ನಾಲ್ಕು ಸಲ ಮಯಾಮಿ, ಆಮೇಲಿನ ನಾಲ್ಕು ಸಲ ಕ್ಲೀವ್‌ಲೆಂಡ್. ಆ ಎಂಟರಲ್ಲಿ ಮೂರು ಪ್ರಶಸ್ತಿಗಳೂ ದೊರೆತವು. ಒಬ್ಬ ಮನುಷ್ಯನ ಭುಜಬಲವನ್ನು ಹದಿನೈದು ತಂಡಗಳ ಬಲವೆಂದು ಕರೆಯಬಹುದೆ?

ಎರಡನೆಯದು ಬಯಲಿನ ಅಳತೆ. ಇದರ ಹಿಂದಿನ ಗಣಿತ ಸರಳವಾಗಿದೆ. ಒಂದು ಪಂಗಡದೊಳಗಣ ಪಂದ್ಯಗಳು ಒಟ್ಟು ೩೯೦. ಅವುಗಳಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲಾದ್ದರಿಂದ ಪಂಗಡಕ್ಕೆ ೩೯೦ ಗೆಲುವು, ೩೯೦ ಸೋಲು. ತಂಡಗಳೆಲ್ಲ ವೀರರಾಗಿರಲಿ, ಹೇಡಿಗಳಾಗಿರಲಿ, ಈ ಮೊತ್ತ ಕದಲುವುದಿಲ್ಲ. ಆದ್ದರಿಂದ ಪಂಗಡದ ನಿಜವಾದ ಬಲವನ್ನು ಹೇಳಬಲ್ಲವು ಗೆರೆ ದಾಟಿ ಆಡಿದ ೪೫೦ ಪಂದ್ಯಗಳು ಮಾತ್ರ. ೨೦೧೩-೧೪ರ ಋತುವಿನಲ್ಲಿ ಆ ೪೫೦ರಲ್ಲಿ ಪಡುವಣ ೨೮೪ನ್ನು ಗೆದ್ದಿತು, ಮೂಡಣ ೧೬೬ನ್ನು. ಸರಾಸರಿ ತೆಗೆದರೆ ಪಡುವಣದ ಒಂದು ತಂಡಕ್ಕೆ ಸುಮಾರು ೪೫ ಗೆಲುವು, ಮೂಡಣದ ತಂಡಕ್ಕೆ ೩೭.

ಶಿಖರವೂ ಬಯಲೂ ಯಾವಾಗಲೂ ಒಂದೇ ಸಾಕ್ಷ್ಯ ನುಡಿಯುವುದಿಲ್ಲ. ೨೦೦೭-೦೮ರಲ್ಲಿ ಗೆರೆ ದಾಟಿದ ಪಂದ್ಯಗಳಲ್ಲಿ ಪಡುವಣ ೨೫೮, ಮೂಡಣ ೧೯೨. ಪಡುವಣದಿಂದ ಪ್ಲೇಆಫಿಗೆ ಹೋದ ಎಂಟು ತಂಡಗಳೂ ಐವತ್ತು ಅಥವಾ ಹೆಚ್ಚು ಪಂದ್ಯಗಳನ್ನು ಗೆದ್ದಿದ್ದವು. ಆದರೆ ಆ ವರ್ಷದ ಪ್ರಶಸ್ತಿ ಹೋದದ್ದು ಮೂಡಣದ ಬಾಸ್ಟನ್ನಿಗೆ. ಹಿಂದಿನ ಋತುವಿನಲ್ಲಿ ೨೪ನ್ನೇ ಗೆದ್ದಿದ್ದ ಆ ತಂಡ ಆ ಸಲ ೬೬ನ್ನು ಗೆದ್ದಿತು. ಕಾರಣ? ೨೦೦೭ರ ಬೇಸಗೆಯಲ್ಲಿ ಮಿನಿಸೋಟದಿಂದ ಕೆವಿನ್ ಗಾರ್ನೆಟ್, ಸಿಯಾಟಲ್‌ನಿಂದ ರೇ ಆಲೆನ್ ಅಲ್ಲಿಗೆ ಬಂದರು; ಇಬ್ಬರೂ ಪಡುವಣದಿಂದ. ಅವರನ್ನು ಕಳೆದುಕೊಂಡ ಆ ಎರಡು ತಂಡಗಳು ತಮ್ಮ ಪಂಗಡದ ತಳಕ್ಕೆ ಇಳಿದವು. ಇಬ್ಬರು ಗೆರೆ ದಾಟಿದ್ದಕ್ಕೆ ಮೂಡಣಕ್ಕೆ ಶಿಖರ ಬೆಳೆಯಿತು. ಬಯಲು ಮಾತ್ರ ಪಡುವಣದಲ್ಲೇ ಎತ್ತರವಾಗಿ ಉಳಿಯಿತು.

ಇಷ್ಟೇ ಆಗಿದ್ದರೆ ಇದು ಕಾಫಿ ಆರುವವರೆಗಿನ ಹರಟೆ. ಮೂರನೆಯ ಅಳತೆಯೊಂದಿದೆ, ಅದನ್ನು ಹೊಸ್ತಿಲಿನ ಅಳತೆ ಎನ್ನುತ್ತೇನೆ. ಎಂಟನೆಯ ತಂಡ ಒಳಗೆ, ಒಂಬತ್ತನೆಯದು ಹೊರಗೆ. ಆ ಹೊಸ್ತಿಲು ಎರಡು ಮನೆಗಳಲ್ಲಿ ಎಷ್ಟೆಷ್ಟು ಎತ್ತರ?

ಅದೇ ೨೦೧೩-೧೪ರಲ್ಲಿ ಪಡುವಣದ ಫೀನಿಕ್ಸ್ ತಂಡ ೪೮ ಪಂದ್ಯಗಳನ್ನು ಗೆದ್ದು ಒಂಬತ್ತನೆಯದಾಗಿ ಹೊರಗುಳಿಯಿತು. ಮೂಡಣದಲ್ಲಿ ಟೊರಾಂಟೋ ಅಷ್ಟೇ ೪೮ನ್ನು ಗೆದ್ದು ಮೂರನೆಯ ಸ್ಥಾನದಲ್ಲಿ ಕುಳಿತಿತ್ತು. ಅಟ್ಲಾಂಟಾ ಗೆದ್ದದ್ದು ೩೮, ಸೋತದ್ದು ೪೪. ಅದು ಎಂಟನೆಯದಾಗಿ ಒಳಗೆ ಹೋಯಿತು. ಹಾಳೂರಿಗೆ ಉಳಿದವನೇ ಗೌಡ ಎಂದು ನಮ್ಮಲ್ಲಿ ಹೇಳುವುದುಂಟು. ಫೀನಿಕ್ಸಿನ ೪೮ ಗೆಲುವುಗಳು ಬಲಿಷ್ಠರ ನಡುವೆ ಬೆವರು ಸುರಿಸಿ ಪಡೆದವು. ೫೨ ಪಂದ್ಯಗಳನ್ನು ಅದು ಆಡಿದ್ದು ಅಂಥವರ ಮೇಲೆ. ಹಿಂದಿನ ಋತುವಿನಲ್ಲಿ ೨೫ ಗೆಲುವುಗಳಿದ್ದ ತಂಡವದು. ಎಷ್ಟು ದುಡಿದರೂ ತಾನು ನಿಂತ ಕಡೆ ಹೊಸ್ತಿಲು ಎತ್ತರವಾಗಿದ್ದುದರಿಂದ ಒಳಗೆ ಕಾಲಿಡಲಾಗಲಿಲ್ಲ.

ಗೌಡನ ಪರವಾಗಿಯೂ ಒಂದು ಮಾತು ಹೇಳದಿದ್ದರೆ ನ್ಯಾಯವಾಗದು. ಒಳಗೆ ಬಂದ ಅಟ್ಲಾಂಟಾ ಮೂಡಣದ ಮೊದಲ ಸ್ಥಾನದ ಇಂಡಿಯಾನಾ ತಂಡವನ್ನು ಏಳನೆಯ ಪಂದ್ಯದ ವರೆಗೆ ಎಳೆದು ನಿಲ್ಲಿಸಿತು. ೨೦೦೮ರಲ್ಲಿ, ಕೇವಲ ೩೭ ಗೆಲುವುಗಳೊಡನೆ ಬಂದ ಇದೇ ತಂಡ ಮುಂದೆ ಚಾಂಪಿಯನ್ ಆದ ಬಾಸ್ಟನ್ನನ್ನೂ ಏಳು ಪಂದ್ಯಗಳಿಗೆ ಎಳೆದಿತ್ತು. ಇದರಿಂದ ಅಟ್ಲಾಂಟಾ ಅರ್ಹವೆಂದಾಯಿತು ಎನ್ನಬಹುದು. ನನಗೆ ತೋರುವುದು ಬೇರೆ: ಬಾಗಿಲು ತೆರೆದರೆ ಒಳಗೆ ಬಂದವನು ಏನು ಮಾಡಬಲ್ಲನೆಂಬುದನ್ನು ಹೊರಗೆ ನಿಂತು ಎಣಿಸಲಾಗದು. ೧೯೯೯ರಲ್ಲಿ ನ್ಯೂಯಾರ್ಕ್, ೨೦೨೩ರಲ್ಲಿ ಮಯಾಮಿ, ಎಂಟನೆಯ ಸ್ಥಾನದಿಂದ ಹೊರಟು ಅಂತಿಮ ಸರಣಿಯನ್ನೇ ಮುಟ್ಟಿದವು; ಎರಡೂ ಮೂಡಣದವು. ಹೀಗಿರುವಾಗ ಫೀನಿಕ್ಸಿಗೆ ತಪ್ಪಿಹೋದದ್ದು ಅಂಕಪಟ್ಟಿಯ ಒಂದು ಸಾಲಲ್ಲ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಅವಕಾಶ. ಆ ತಂಡ ಮತ್ತೆ ಪ್ಲೇಆಫನ್ನು ಕಂಡದ್ದು ೨೦೨೧ರಲ್ಲಿ. ಅಷ್ಟು ಹೊತ್ತಿಗೆ ೨೦೧೪ರ ಆಟಗಾರರು ಚದರಿಹೋಗಿದ್ದರು.

ಪರಿಹಾರವಿಲ್ಲವೆ? ಪಂಗಡವನ್ನು ಮರೆತು, ಮೂವತ್ತರಲ್ಲಿ ಹೆಚ್ಚು ಗೆದ್ದ ಹದಿನಾರನ್ನು ಆರಿಸಿಬಿಡಿ ಎಂದು ಹಲವರು ಹೇಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಒಬ್ಬನು ೫೨ ಪಂದ್ಯಗಳನ್ನು ದುರ್ಬಲರ ಮೇಲೂ ಇನ್ನೊಬ್ಬನು ಬಲಿಷ್ಠರ ಮೇಲೂ ಆಡುತ್ತಿರುವಾಗ ಇಬ್ಬರ ಗೆಲುವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಎಲ್ಲರೂ ಎಲ್ಲರೊಡನೆ ಸಮವಾಗಿ ಆಡಬೇಕಾಗುತ್ತದೆ. ಹಾಗೆ ಆಡಬೇಕಾದರೆ ಪ್ರಯಾಣ ಹೆಚ್ಚುತ್ತದೆ. ಬಾಸ್ಟನ್ನಿಗೂ ಲಾಸ್ ಏಂಜಲೀಸಿಗೂ ನಾಲ್ಕು ಸಾವಿರ ಕಿಲೋಮೀಟರಿಗಿಂತ ಹೆಚ್ಚಿನ ದೂರ. ಗಡಿಯಾರದಲ್ಲಿ ಮೂರು ಗಂಟೆಗಳ ಅಂತರ. ೮೨ ಪಂದ್ಯಗಳನ್ನಾಡುವ ದೇಹಗಳು ಈ ನ್ಯಾಯದ ಬೆಲೆಯನ್ನು ನಿದ್ದೆಗೆಟ್ಟು ತೆರಬೇಕು. ೨೦೨೦-೨೧ರ ಋತುವಿನಿಂದ ನಡುದಾರಿಯೊಂದನ್ನು ಹಿಡಿದಿದ್ದಾರೆ: ಪ್ರತಿ ಪಂಗಡದಲ್ಲಿ ಏಳರಿಂದ ಹತ್ತನೆಯ ಸ್ಥಾನದ ವರೆಗಿನ ನಾಲ್ಕು ತಂಡಗಳು ಕೊನೆಯ ಎರಡು ಸ್ಥಾನಗಳಿಗಾಗಿ ತಮ್ಮತಮ್ಮಲ್ಲೇ ಆಡುತ್ತವೆ. ಒಂಬತ್ತನೆಯವನಿಗೆ ಬಾಗಿಲು ತಟ್ಟುವ ಅವಕಾಶ ಸಿಕ್ಕಿತು. ಆದರೆ ಬಾಗಿಲು ತನ್ನ ಪಂಗಡದ್ದೇ. ಎರಡು ಹೊಸ್ತಿಲುಗಳ ಎತ್ತರ ಇನ್ನೂ ಒಂದಾಗಿಲ್ಲ.

ಯಾವ ಪಂಗಡ ಬಲಿಷ್ಠ ಎಂದು ಇನ್ನು ಯಾರಾದರೂ ಕೇಳಿದರೆ, ಏಕೆ ಕೇಳುತ್ತೀರಿ ಎಂದು ಮೊದಲು ವಿಚಾರಿಸುವುದು ಲೇಸು. ಹೆಮ್ಮೆಪಡುವುದಕ್ಕಾದರೆ ಶಿಖರವನ್ನು ನೋಡಿರಿ. ಗೆರೆ ಎಳೆದವರಿಗೂ ಒಂದು ಕೃತಜ್ಞತೆ ಹೇಳಿರಿ. ತಿಳಿಯುವುದಕ್ಕಾದರೆ ಗೆರೆ ದಾಟಿದ ಪಂದ್ಯಗಳನ್ನು ಎಣಿಸಿರಿ. ನ್ಯಾಯಕ್ಕಾದರೆ ಎರಡು ಕಡೆಯ ಒಂಬತ್ತನೆಯ ಹೆಸರನ್ನು ಹುಡುಕಿ ಓದಿರಿ. ಪ್ರಶಸ್ತಿ ಗೆದ್ದವರ ಹೆಸರನ್ನು ಚರಿತ್ರೆ ತಾನಾಗಿ ಉಳಿಸಿಕೊಳ್ಳುತ್ತದೆ. ಈ ಒಂಬತ್ತನೆಯ ಹೆಸರನ್ನು ಮಾತ್ರ ಯಾರಾದರೂ ಹುಡುಕಿ ತೆಗೆಯಬೇಕಾಗುತ್ತದೆ.