ವಿಶ್ವವಿದ್ಯಾಲಯದ ಇ-ಪುಸ್ತಕ, ಮನೆಯ ಹಿರಿಯರಿಗೆ

ಪಾಲಾರಿವಟ್ಟಂನಲ್ಲಿ ಆಲುವಾ ಕಡೆಯ ಮೆಟ್ರೋ ಹತ್ತಿದರೆ ನಾಲ್ಕನೆಯ ನಿಲ್ದಾಣ ಕೊಚ್ಚಿನ್ ವಿಶ್ವವಿದ್ಯಾಲಯ. ಅಲ್ಲಿ ಓದುವ ಮಕ್ಕಳಿಗೆ ಇ-ಪುಸ್ತಕ ಹೊಸತಲ್ಲ. ಆದರೆ ಮನೆಯ ಹಿರಿಯರು ಹಳೆಯ ಕನ್ನಡ ಪುಸ್ತಕ ಕೇಳಿದರೆ ಊರಿಗೇ ಹೋಗಿ ತರಬೇಕೇ?

ಬೇಡ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಸ್ಕ್ಯಾನ್ ಮಾಡಿದ ಅನೇಕ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ತೊಡಕು ಒಂದೇ: ಬಹಳಷ್ಟು ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಕನ್ನಡದಲ್ಲಿ ಟೈಪ್ ಮಾಡಿ, ಸಿಗಲಿಲ್ಲವೆಂದು ಕೈಬಿಡಬೇಡಿ.

ಇದೇ ಕೇರಳದ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳನ್ನೇ ಹುಡುಕಿ ನೋಡಿ. ‘ಗೋವಿಂದ’ದ ಕೊನೆಗೆ ‘ಎ’ ಅಕ್ಷರ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ; ‘ಪೈ’ಯನ್ನು ಮೊದಲಿಗೆ ಹಾಕಿ ಇನ್ನೊಮ್ಮೆ. ಅವರು ತೀರಿಕೊಂಡದ್ದು 1963ರಲ್ಲಿ. ಲೇಖಕರು ತೀರಿದ 60 ವರ್ಷಗಳ ಬಳಿಕ ಹಕ್ಕುಸ್ವಾಮ್ಯ ಮುಗಿಯುವುದರಿಂದ, ಅವರ ಕಾಲದಲ್ಲೇ ಅಚ್ಚಾದ ಪುಸ್ತಕಗಳು 2024ರಿಂದ ಎಲ್ಲರ ಸ್ವತ್ತು.

ಪುಟಗಳು ಚಿತ್ರರೂಪದಲ್ಲಿವೆ, ಕಡತ ದೊಡ್ಡದು. ಮನೆಯ ವೈ-ಫೈಯಲ್ಲಿ ಇಳಿಸಿಕೊಂಡು, ಅಕ್ಷರ ಹಿಗ್ಗಿಸಿ ಹಿರಿಯರ ಕೈಗೆ ಕೊಡಿ. ಪಕ್ಕದಲ್ಲಿ ಮೊಮ್ಮಕ್ಕಳೂ ಕೂರಲಿ. ಇಲ್ಲಿನ ಶಾಲೆಗೆ ಹೋಗುವ ಮಗುವಿಗೆ ಕನ್ನಡ ಅಕ್ಷರ ಕಾಣುವ ಜಾಗ ಮನೆಯೊಂದೇ ಅಲ್ಲವೇ?